ಕುರ್ಚಿಸುವ ಮಾವ

ನಮ್ಮ ಈಜುಕೊಳದಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ: ‘ಕುರ್ಚಿಸು’. ಯಾವ ನಿಘಂಟಿನಲ್ಲೂ ಹುಡುಕಬೇಡಿ, ಸಿಗುವುದಿಲ್ಲ. ಹಾಯಾಗಿ ಕುರ್ಚಿಯಲ್ಲಿ ಕೂತು, ಮೈಗೆ ಒಂದು ಹನಿ ನೀರು ತಾಗಿಸಿಕೊಳ್ಳದೆ, ಒಳಗೆ ಒದ್ದಾಡುತ್ತಿರುವವರ ತಪ್ಪು ಹಿಡಿಯುವುದು ಎಂದು ಅದರ ಅರ್ಥ. ಈಗೀಗ ಅದು ಕೊಳದ ಬಾಗಿಲು ದಾಟಿ ಊರೊಳಗೂ ಹೋಗಿದೆ. ಮೊನ್ನೆ ಕ್ಷೌರದಂಗಡಿಯವನು ಗಿರಾಕಿಗೆ, “ನೀನು ಕುರ್ಚಿಸ್ಬೇಡ, ಬಾಚಣಿಗೆ ನನ್ನ ಕೈಲಿದೆ” ಅಂದದ್ದು ನನ್ನ ಕಿವಿಗೇ ಬಿತ್ತು. ಈ ಮಾತು ಹುಟ್ಟಿದ್ದು ನನ್ನ ಸೋದರಮಾವನಿಂದ. ಅವರೇ ಹುಟ್ಟಿಸಿದರು ಅಂದುಕೊಳ್ಳಬೇಡಿ, ಅವರ ಕಾಟ ತಾಳಲಾರದೆ ನಾವು ಹುಟ್ಟಿಸಿದ್ದು.

ಮಾವನದು ಕೊಳದ ಬಾಗಿಲಲ್ಲಿ ಲಾಕರಿನ ಬೀಗದ ಕೈ ಕೊಡುವ ಕೆಲಸ. ಬಂದವರ ಕೈಗೆ ರಬ್ಬರ್ ಪಟ್ಟಿಗೆ ಪೋಣಿಸಿದ ಕೀಲಿ ಕೊಟ್ಟು, “ಕಾಲಿಗೆ ಕಟ್ಕೊಳ್ಳಿ, ಕೈಗಲ್ಲ” ಅನ್ನುವುದು, ಒದ್ದೆ ನೆಲವನ್ನು ಉದ್ದ ಕೋಲಿನ ವೈಪರ್‌ನಿಂದ ಎಳೆದು ಒಣಗಿಸುವುದು, ಮರೆತು ಹೋದ ಕನ್ನಡಕ, ಟವೆಲುಗಳನ್ನು ತೆಗೆದಿಡುವುದು. ಅಷ್ಟು ಮುಗಿಸಿ ಆಳವಿರುವ ತುದಿಯಲ್ಲಿ ತಮ್ಮ ಕಬ್ಬಿಣದ ಕುರ್ಚಿ ಹಾಕಿಕೊಂಡು ಕೂತರೆಂದರೆ ಅವರ ನಿಜವಾದ ಕೆಲಸ ಶುರು. ಸಂಬಳವಿಲ್ಲದ ಕೆಲಸ, ಯಾರೂ ಕೇಳದ ಕೆಲಸ!

“ಪೋಸ್ಟ್‌ಮ್ಯಾನ್, ಕಾಲು ಒದೀತಿದ್ದೀಯೋ ಬಾಗಿಲು ಒದೀತಿದ್ದೀಯೋ?”

“ಬೇಕರಿಯಮ್ಮ, ಕೈ ಮುಂದಕ್ಕೆ ಚಾಚಿ, ಹಿಟ್ಟು ನಾದ್ಬೇಡಿ.”

“ಪುಟ್ಟಿ, ಗದ್ದ ಯಾಕೆ ಮೇಲೆ? ಚಾವಣಿಯಲ್ಲಿ ಏನು ಕಾಣ್ತಿದೆ?”

ಪುಟ್ಟಿ ಎಂದರೆ ನಾನು. ನನಗೆ ತಲೆ ನರೆಯಲು ಶುರುವಾಗಿದೆ, ಅದೇ ಕೊಳದಲ್ಲಿ ಈಜು ಕಲಿಸುತ್ತೇನೆ, ನನ್ನ ಕೈಯಲ್ಲಿ ಕಲಿತವರು ಊರು ತುಂಬ ಇದ್ದಾರೆ. ಆದರೂ ನನ್ನ ಶಿಷ್ಯರ ಎದುರಿಗೇ ಪುಟ್ಟಿ, ಗದ್ದ ಮೇಲೆ! ಎಷ್ಟೋ ಸಲ ಆ ಕುರ್ಚಿಯನ್ನು ಮಾವನ ಸಮೇತ ನೀರಿಗೆ ನೂಕಿಬಿಡೋಣ ಅನ್ನಿಸಿದ್ದುಂಟು.

ನೂಕಲಿಲ್ಲ. ಆ ಜಾಗದಲ್ಲಿ ಸಿಟ್ಟು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಮ್ಮ ಕೊಳಕ್ಕೆ ಗಾಜಿನ ಮಾಡು. ಬೆಳಗಿನ ಬಿಸಿಲು ಅದರಿಂದ ಇಳಿದು, ನೀರಿಗೆ ಬಿದ್ದು, ಅಲ್ಲಿಂದ ಎದ್ದು ಗೋಡೆಯ ಮೇಲೆಲ್ಲ ಅಲೆಯಾಡುತ್ತದೆ. ಬೆಚ್ಚನೆಯ ಹಬೆ ತೆಳ್ಳಗೆ ಏಳುತ್ತಿರುತ್ತದೆ. ಅಲ್ಲಿ ಆಡಿದ ಮಾತು ಗೋಡೆಗೆ ಹೋಗಿ ಸ್ವಲ್ಪ ತಡವಾಗಿ ಹಿಂದಿರುಗುತ್ತದೆ, ಬೇರೆ ಯಾರೋ ನೆನಪು ಮಾಡಿಕೊಂಡು ಹೇಳಿದ ಹಾಗೆ. ಬೆನ್ನ ಮೇಲೆ ತೇಲುತ್ತ ಓರೆಗಣ್ಣಲ್ಲಿ ನೋಡಿದರೆ, ಹಬೆಯ ಆಚೆ ಮಾವನ ಕುರ್ಚಿಯ ಕಾಲುಗಳು ಕಾಣುವುದಿಲ್ಲ. ಮಾವ ಗಾಳಿಯಲ್ಲಿ ಕೂತಂತೆ, ಮುಖದ ಮೇಲೆ ಬೆಳಕಿನ ಬಲೆ ಆಡುತ್ತ, ಬಾಯಿ ಮಾತ್ರ ಬಿಡುವಿಲ್ಲದೆ ಅಲ್ಲಾಡುತ್ತ ಇರುತ್ತಾರೆ. ನನ್ನ ಬಾಲ್ಯವೆಲ್ಲ ಹೀಗೆ ಕಿವಿಯಲ್ಲಿ ಅರ್ಧ ನೀರು, ಅರ್ಧ ಮಾವನ ಮಾತು ತುಂಬಿಕೊಂಡೇ ಕಳೆಯಿತು.

ದಿನಾ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಮಾವ ದಂಡೆಯಲ್ಲಿ ಮಂಡಿಯೂರಿ, ತೋಳು ಮಡಿಸಿ, ಮೊಣಕೈಯನ್ನು ನೀರಿಗೆ ಅದ್ದುತ್ತಿದ್ದರು, ಎಳೆಗೂಸಿನ ಸ್ನಾನದ ನೀರು ನೋಡುವ ಹಾಗೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, “ಇವತ್ತು ನೀರು ಮುನಿಸ್ಕೊಂಡಿದೆ” ಎಂದೋ, “ಇವತ್ತು ಒಳ್ಳೇ ಮನಸ್ಸಲ್ಲಿದೆ” ಎಂದೋ ಘೋಷಿಸುತ್ತಿದ್ದರು. ಗೋಡೆಯಲ್ಲಿ ಉಷ್ಣತೆ ತೋರಿಸುವ ಗಡಿಯಾರದಂಥ ಯಂತ್ರ ಇತ್ತು, ಯಾರೂ ಅದನ್ನು ನೋಡುತ್ತಿರಲಿಲ್ಲ. ಮಾವನ ಮೈಯಲ್ಲಿ ನೀರಿಗಿಳಿದದ್ದು ಆ ಮೊಣಕೈ ಒಂದೇ ಎಂಬುದು ನಮಗೆ ಹೊಳೆಯಲೇ ಇಲ್ಲ. ಹಿಂದೆ ಯಾವುದೋ ಕಾಲದಲ್ಲಿ ದೊಡ್ಡ ಈಜುಗಾರರಾಗಿದ್ದಿರಬೇಕು, ವಯಸ್ಸಾಯಿತೆಂದು ಬಿಟ್ಟಿರಬೇಕು ಎಂದು ಎಲ್ಲರೂ ಅವರವರಷ್ಟಕ್ಕೆ ನಂಬಿಕೊಂಡಿದ್ದೆವು. ಅಷ್ಟು ಗತ್ತಿನಿಂದ ಬೈಯುವವರನ್ನು ಯಾರು ತಾನೇ ಪ್ರಶ್ನೆ ಕೇಳುತ್ತಾರೆ?

ಮನೆಯಲ್ಲೂ ಇದೇ ಕಥೆ. ಅತ್ತೆ ಸಿನಿಮಾ ಥಿಯೇಟರಿನಲ್ಲಿ ಟಾರ್ಚ್ ಹಿಡಿದು ಜನರಿಗೆ ಸೀಟು ತೋರಿಸುವ ಕೆಲಸದಲ್ಲಿದ್ದರು. ಹಳೇ ಥಿಯೇಟರು. ಒಳಗೆ ನೆಲ ಪರದೆಯ ಕಡೆಗೆ ಇಳಿಜಾರು, ಕಾಲಡಿಗೆ ಕೆಂಪು ಜಮಖಾನೆ. ಕತ್ತಲಲ್ಲಿ ಅತ್ತೆಯ ಟಾರ್ಚಿನ ಸಣ್ಣ ಬೆಳಕು ಮುಂದೆ ಮುಂದೆ ಹೋಗುವುದನ್ನು ನೋಡುವುದೇ ನನಗೆ ಸಿನಿಮಾಕ್ಕಿಂತ ಇಷ್ಟವಾಗಿತ್ತು. ಮಾವ ಮಾತ್ರ ಒಂದು ದಿನವೂ ಆ ಥಿಯೇಟರಿನ ಮೆಟ್ಟಿಲು ಹತ್ತಿದವರಲ್ಲ. “ಕತ್ತಲಲ್ಲಿ ಕೂತು ಬೆಳಕು ನೋಡೋದೇನು?” ಅನ್ನುತ್ತಿದ್ದರು. ಊಟದ ಹೊತ್ತಿಗೆ ಅತ್ತೆ ಹೊಸ ಸಿನಿಮಾದ ಕಥೆ ಹೇಳಿದರೆ ಸಾಕು, ಚಮಚ ಕೆಳಗಿಟ್ಟು ಶುರು ಮಾಡುತ್ತಿದ್ದರು.

“ಆ ಹುಡುಗಿ ರೈಲು ಹತ್ತಬಾರ್ದಿತ್ತು.”

“ನೀವು ನೋಡಿದ್ದೀರೇನ್ರೀ ಸಿನಿಮಾನ?”

“ನೋಡೋದ್ಯಾಕೆ? ಕೇಳಿದ್ರೇ ಗೊತ್ತಾಗುತ್ತೆ, ನಿರ್ದೇಶಕನಿಗೆ ತಲೆಯಿಲ್ಲ.”

ಅತ್ತೆ ನಗುತ್ತಿದ್ದರು. ಅವರು ಏನೇ ಅಡುಗೆ ಮಾಡಿ ಬಡಿಸಿದರೂ ಮಾವನ ಬಾಯಿಂದ ಬರುತ್ತಿದ್ದ ಅತಿ ದೊಡ್ಡ ಹೊಗಳಿಕೆ ಎಂದರೆ “ಪರವಾಗಿಲ್ಲ”. ‘ಚೆನ್ನಾಗಿದೆ’ ಎಂಬ ಮಾತನ್ನು ಆ ಮನುಷ್ಯ ಯಾವುದರ ಬಗ್ಗೆಯೂ ಆಡಿದ್ದು ನಾನು ಕೇಳಿರಲಿಲ್ಲ. ಒಮ್ಮೆ ಅತ್ತೆಯನ್ನು ಕೇಳಿದೆ, ಇವರ ಜೊತೆ ಹೇಗೆ ಬಾಳುತ್ತೀರಿ ಎಂದು. “ಮನೇಲಿ ರೇಡಿಯೋ ಇದ್ದ ಹಾಗೆ ಕಣೇ. ನಿಂತ್ರೇನೇ ಗಾಬರಿ” ಅಂದರು.

ಆ ಅತ್ತೆ ಒಂದು ದಿನ ಅದೇ ಇಳಿಜಾರಿನಲ್ಲಿ ಕಾಲು ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಒಳಗೆ ಲೋಹ ಕೂಡಿಸಿದರು, ಮನೆಗೆ ಬಂದರು. ಆದರೆ ಎಡಗಾಲು ಮಾತು ಕೇಳದಾಯಿತು. ಕೋಲು ಹಿಡಿದು ಅಡುಗೆಮನೆಯಿಂದ ಕಿಟಕಿಯವರೆಗೆ ಹೋಗಿಬರುವಷ್ಟರಲ್ಲಿ ಹಣೆಯಲ್ಲಿ ಬೆವರು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹೆಂಗಸು ಮುಲಾಜಿಲ್ಲದೆ ಹೇಳಿದಳು: ಬೆಚ್ಚಗಿನ ನೀರಲ್ಲಿ ದಿನಾ ನಡೆಯಬೇಕು, ನೀರು ಮೈಭಾರ ಹೊರುತ್ತದೆ, ಕಾಲು ಸಡಿಲವಾಗುತ್ತದೆ. ಈಗ ಬಿಟ್ಟರೆ ಕೀಲು ಬಿಗಿದುಕೊಂಡುಬಿಡುತ್ತದೆ, ಆಮೇಲೆ ಜೀವನಪೂರ್ತಿ ಈ ಕೋಲೇ ಗತಿ.

ಅವರ ಮನೆ ಇರುವುದು ಲಿಫ್ಟ್ ಇಲ್ಲದ ಕಟ್ಟಡದ ಮೇಲಿನ ಮಹಡಿಯಲ್ಲಿ. ಕೋಲೇ ಗತಿ ಎಂದರೆ ಆ ಎರಡು ಕೋಣೆಯೇ ಗತಿ. ಥಿಯೇಟರಿನ ಯಜಮಾನ ಒಳ್ಳೆಯವನು, ಅತ್ತೆಯ ಟಾರ್ಚನ್ನು ಬೇರೆ ಯಾರಿಗೂ ಕೊಡದೆ ಮೊಳೆಗೆ ನೇತುಹಾಕಿದ್ದ. ಅತ್ತೆ ನನ್ನ ಕೈ ಹಿಡಿದು, “ನಂಗೆ ಇನ್ನೊಂದು ಸಲ ಆ ಇಳಿಜಾರಲ್ಲಿ ನಡೀಬೇಕು ಪುಟ್ಟಿ. ಬೇರೇನೂ ಬೇಡ” ಅಂದರು.

“ಅಷ್ಟೇ ತಾನೇ? ನಾನಿದ್ದೀನಿ, ಕೊಳ ಇದೆ” ಎಂದೆ. ದೊಡ್ಡ ಧೈರ್ಯವಂತೆ ನಾನು!

ಮೊದಲ ದಿನ ಅತ್ತೆಯನ್ನು ತೋಳು ಕೊಟ್ಟು ಒಂದೊಂದೇ ಮೆಟ್ಟಿಲು ಇಳಿಸಿ ಕರೆತಂದೆ. ಬೆಳಗಿನ ಮಂದಿಯೆಲ್ಲ ನೀರಲ್ಲಿದ್ದರು. ಅತ್ತೆ ಆಳವಿಲ್ಲದ ಕಡೆಯ ಮೆಟ್ಟಿಲ ಮೇಲೆ, ಪಾದ ಮುಳುಗುವಷ್ಟು ನೀರಲ್ಲಿ ನಿಂತರು. ಕಂಬಿ ಹಿಡಿದ ಬೆರಳುಗಳು ಬಿಳಚಿಕೊಂಡಿದ್ದವು. ನೀರು ಕಂಡರೆ ಅವರಿಗೆ ಮೊದಲಿಂದಲೂ ಜೀವಭಯ. ಬಿದ್ದ ಮೇಲಂತೂ ಜಾರುವ ನೆಲವೆಂದರೆ ಎದೆ ಡವಡವ. ನಾನು ಕೆಳಗಿನ ಮೆಟ್ಟಿಲಲ್ಲಿ ಕೈ ಚಾಚಿ ಕಾಯುತ್ತಿದ್ದೆ. ಇನ್ನೇನು ಕಾಲು ಎತ್ತಬೇಕು, ಅಷ್ಟರಲ್ಲಿ ಆಳದ ತುದಿಯಿಂದ ಆ ದನಿ ತೇಲಿ ಬಂತು.

“ಹಾಗಲ್ಲ ಕಣೇ! ಮೊದಲು ಎಡಗಾಲು! ಬೆನ್ನು ಯಾಕೆ ಹಾಗೆ ಬಗ್ಗಿಸಿದ್ದೀಯ? ಹೆದ್ರೋಕೆ ಏನಿದೆ ಅದರಲ್ಲಿ, ಸೊಂಟದ ಮಟ್ಟ ನೀರು!”

ಗೋಡೆಯೂ ತಡವಾಗಿ ಅದನ್ನೇ ಹೇಳಿತು. ಏನಿದೆ ಅದರಲ್ಲಿ, ಸೊಂಟದ ಮಟ್ಟ ನೀರು. ಅತ್ತೆ ಪಾದವನ್ನು ನೀರಿಂದ ಎತ್ತಿ, ಟವೆಲು ಸುತ್ತಿಕೊಂಡು, ಕೋಲೂರುತ್ತ ಹೊರಟುಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ವ್ಯಾಯಾಮದ ಹೆಂಗಸು ಕಾಲು ಮಡಿಸಿ ನೋಡಿ, ತುಟಿ ಕಚ್ಚಿಕೊಂಡು ನನಗೆ ಫೋನ್ ಮಾಡಿದಳು. ಬಿಗಿಯಲು ಶುರುವಾಗಿದೆ, ಬೇಗ ಏನಾದರೂ ಮಾಡಿ ಅಂದಳು.

ನನಗೆ ಎಲ್ಲಿತ್ತೋ ಸಿಟ್ಟು. ಮಧ್ಯಾಹ್ನ ಕೊಳ ಖಾಲಿಯಾಗಿದ್ದಾಗ ಮಾವ ನೆಲದ ನೀರು ಎಳೆಯುತ್ತಿದ್ದರು. ವೈಪರನ್ನು ಅವರ ಕೈಯಿಂದ ಕಿತ್ತುಕೊಂಡೆ.

“ಬಾಯಿಗೆ ಬೀಗ ಹಾಕೋ ಕೀಲಿ ಒಂದಾದ್ರೂ ಇದೆಯಾ ನಿಮ್ಮ ಹತ್ರ? ಹೆದ್ರೋಕೆ ಏನಿದೆ ಅಂತೆ! ನೀವು ಯಾವತ್ತಾದ್ರೂ ಇಳಿದಿದ್ದೀರಾ ಈ ನೀರಿಗೆ?”

ಸುಮ್ಮನೆ ಬಾಯಿಗೆ ಬಂದ ಮಾತು ಅದು. ಎಂದೋ ಇಳಿದೇ ಇರುತ್ತಾರೆ ಎಂದು ನಂಬಿಕೊಂಡೇ ಆಡಿದ್ದೆ. ಮಾವ ನೀರನ್ನೇ ನೋಡುತ್ತ ನಿಂತರು. ಯಾರೂ ಇಲ್ಲದಾಗ ಆ ನೀರು ಕದಲುವುದೇ ಇಲ್ಲ, ತಳದ ನೀಲಿ ಹಂಚುಗಳೆಲ್ಲ ಕೈಗೆ ಸಿಗುವ ಹಾಗೆ ಕಾಣುತ್ತವೆ.

“ಇಲ್ಲ” ಎಂದರು.

“ಏನಿಲ್ಲ?”

“ಇಳಿದಿಲ್ಲ ಪುಟ್ಟಿ. ಈ ನೀರಿಗೂ ಇಲ್ಲ, ಯಾವ ನೀರಿಗೂ ಇಲ್ಲ. ನಂಗೆ ಈಜು ಬರಲ್ಲ.”

ನಾನು ಕುರ್ಚಿಯ ಮೇಲೆ ಕುಕ್ಕರಿಸಿದೆ. ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಅಲ್ಲಿಂದ ಇಡೀ ಕೊಳ ಅಂಗೈಯಷ್ಟು ಚಿಕ್ಕದಾಗಿ, ತೀರ ಸುಲಭವಾಗಿ ಕಾಣಿಸುತ್ತಿತ್ತು.

ಮಾವ ಮೆಲ್ಲಗೆ ಹೇಳಿದರು. ಕೆಲಸಕ್ಕೆ ಸೇರಿದ ದಿನ ಯಾರೋ ಒಬ್ಬ ಈಜುತ್ತ ಬಂದು ದಂಡೆ ಹಿಡಿದು, “ಹೇಗಿತ್ತು ಸಾರ್, ನನ್ನ ಕೈ ಸರಿ ಬೀಳ್ತಿದೆಯಾ?” ಎಂದು ಕೇಳಿದನಂತೆ. ಇವರನ್ನು ಗುರು ಅಂದುಕೊಂಡಿದ್ದ. ಏನಾದರೂ ಅನ್ನಬೇಕಲ್ಲ ಎಂದು ಮಾವ, “ಸ್ವಲ್ಪ ಅಗಲ ಮಾಡು” ಅಂದರು. ಅವನು ಹಾಗೇ ಮಾಡಿ, ವಾಪಸ್ ಬಂದು, “ಥ್ಯಾಂಕ್ಸ್ ಸಾರ್, ಎಷ್ಟು ಹಗುರಾಯ್ತು!” ಅಂದುಬಿಟ್ಟ.

“ಅಷ್ಟು ಸಾಕಾಯ್ತು ನಂಗೆ. ಅದುವರೆಗೂ ನನ್ನ ಮಾತಿಂದ ಯಾರಿಗೂ ಏನೂ ಹಗುರಾಗಿರ್ಲಿಲ್ಲ. ಮೊದಲ ದಿನಾನೇ ಗುರು ಆಗ್ಬಿಟ್ಟೆ ಕಣೇ. ಆಮೇಲೆ ಶಿಷ್ಯ ಆಗೋಕೆ ಮುಖ ಎಲ್ಲಿಂದ ತರ್ಲಿ?”

ಬೈಯಬೇಕೆಂದು ಬಂದವಳು ನಾನು. ಪಾಪ ಅನ್ನಿಸಿತು, ನಗುವೂ ಬಂತು. ಸಂಜೆ ಮಾವನನ್ನು ಕರೆದುಕೊಂಡು ಮಹಡಿ ಹತ್ತಿದೆ. ಅತ್ತೆಯ ಎದುರು ಅವರು ಅದನ್ನೇ ಇನ್ನೊಂದು ಸಲ ಹೇಳಲಿ ಎಂಬುದು ನನ್ನ ಹಟ. ಮಾವ ಬಾಗಿಲಲ್ಲೇ ನಿಂತು, ತಲೆ ತಗ್ಗಿಸಿ, ಗೊಣಗುವ ದನಿಯಲ್ಲಿ ಹೇಳಿದರು.

ಅತ್ತೆ ಕಿಟಕಿಯ ಹತ್ತಿರ ಕಾಲು ಚಾಚಿ ಕೂತಿದ್ದರು. ಮುಖದಲ್ಲಿ ಒಂದಿಷ್ಟೂ ಆಶ್ಚರ್ಯವಿಲ್ಲ. “ಬೀರುವಿನ ಕೆಳಗಿನ ಖಾನೆ ತೆಗಿ ಪುಟ್ಟಿ. ಕಂಬಳಿ ಕೆಳಗೆ ನೋಡು” ಎಂದರು. ನೋಡಿದೆ. ಒಂದು ನೀಲಿ ಈಜುಚಡ್ಡಿ. ಅಂಗಡಿಯವನು ಮಡಿಸಿಕೊಟ್ಟ ಮಡಿಕೆ ಹಾಗೇ ಗೆರೆ ಬಿದ್ದಿತ್ತು.

“ಮದುವೆಯಾದ ಹೊಸದ್ರಲ್ಲಿ ನಾನೇ ತಂದುಕೊಟ್ಟಿದ್ದು. ಈ ಮನೇಲಿ ಬಟ್ಟೆ ಒಗೆಯೋಳು ನಾನು. ಇದೊಂದು ಒಗೆಯೋಕೆ ಬರ್ಲೇ ಇಲ್ಲ” ಅಂದರು ಅತ್ತೆ. “ನಂಗೆ ಗೊತ್ತಿಲ್ಲ ಅಂದ್ಕೊಂಡ್ರಾ?”

ಮಾವನ ಮುಖ ಸುಟ್ಟ ಬದನೆಕಾಯಿಯಂತಾಯಿತು. “ಮತ್ತೆ ಯಾಕೆ ಒಂದು ದಿನವೂ ಅನ್ಲಿಲ್ಲ?”

“ಅಂದಿದ್ರೆ ಬಾಯಿ ಮುಚ್ಕೋತಿದ್ರಿ. ಮನೆ ಬಿಕೋ ಅಂತಿತ್ತು.” ಅತ್ತೆ ಚಡ್ಡಿಯನ್ನು ತೊಡೆಯ ಮೇಲೆ ಹರಡಿ ಮಡಿಕೆಯ ಗೆರೆಯನ್ನು ಬೆರಳಿಂದ ಸವರಿದರು. “ನಾಳೆ ನೀವು ಮೊದಲು ಇಳೀರಿ. ಆಮೇಲೆ ನಾನು.”

“ನಾನಾ? ಪುಟ್ಟಿ ಇದ್ದಾಳಲ್ಲೇ! ಅವಳಿಗೆ ಬರುತ್ತೆ.”

“ಬರೋವ್ರು ಬೇಡ ನಂಗೆ. ಅವಳಿಗೆ ಭಯ ಅಂದ್ರೆ ಏನು ಅಂತಾನೇ ಮರೆತುಹೋಗಿದೆ. ನನ್ನಷ್ಟೇ ಹೆದರಿದವ್ರು ಒಬ್ಬರು ಪಕ್ಕದಲ್ಲಿ ಬೇಕು.”

ಆ ಮಾತು ನನಗೂ ನಾಟಿತು. ಹೆದರಬೇಡಿ ಎಂದು ನಾನೂ ಎಷ್ಟು ಜನರಿಗೆ ಹೇಳಿಲ್ಲ!

ಕೊಳಕ್ಕೆ ರಜೆಯಿರುವ ದಿನ ಯಾರೂ ಇಲ್ಲದಾಗ ಇಳಿಯೋಣವೆಂದು ಮಾವ ಗೋಗರೆದರು. ಆದರೆ ರಜೆಯ ದಿನ, ಮಧ್ಯಾಹ್ನ ಖಾಲಿಯಿರುವ ಹೊತ್ತಲ್ಲೂ, ನೀರು ಕಾಯಿಸುವ ಬಾಯ್ಲರ್ ಆರಿಸಿರುತ್ತಾರೆ, ತಣ್ಣೀರು ಅತ್ತೆಯ ಕಾಲಿಗೆ ಆಗದು. ಬೇರೆ ದಾರಿಯಿರಲಿಲ್ಲ. ಬೆಳಗಿನ ಹೊತ್ತು, ಎಲ್ಲರ ಎದುರೇ.

ಮರುದಿನ ಮಾವ ಬಟ್ಟೆ ಬದಲಿಸುವ ಕೋಣೆಯಿಂದ ಹೊರಬಂದಾಗ ಕೊಳದಲ್ಲಿ ಒಂದೊಂದೇ ಕೈ ನಿಂತಿತು. ಆ ನೀಲಿ ಚಡ್ಡಿ, ಅದರ ಕೆಳಗೆ ಬಿಸಿಲು ಕಾಣದ ಎರಡು ತೆಳ್ಳನೆಯ ಕಾಲು. ಕಾಲಿಗೆ ಲಾಕರಿನ ಕೀಲಿ ಬೇರೆ, ಶಿಸ್ತಾಗಿ. ಪೋಸ್ಟ್‌ಮ್ಯಾನ್ ಕನ್ನಡಕ ಹಣೆಗೇರಿಸಿದ. ಬೇಕರಿಯಮ್ಮ ದಂಡೆ ಹಿಡಿದು ನಿಂತರು. ಇವತ್ತು ಮಾವನ ಕಥೆ ಮುಗಿಯಿತು, ಇಷ್ಟು ವರ್ಷದ ಬಾಕಿಯನ್ನೆಲ್ಲ ಎಲ್ಲರೂ ಸೇರಿ ತೀರಿಸಿಕೊಳ್ಳುತ್ತಾರೆ ಅಂದುಕೊಂಡು ನಾನು ಮೊದಲೇ ನೀರಿಗಿಳಿದು ಮೆಟ್ಟಿಲ ಪಕ್ಕ ನಿಂತೆ.

ಮಾವ ಮೆಟ್ಟಿಲಿಳಿದರು. ಮೊಣಕಾಲು, ತೊಡೆ, ಸೊಂಟ. ಎರಡೂ ಕೈಯಲ್ಲಿ ಕಂಬಿಯನ್ನು ಅವಚಿಕೊಂಡು, ಭುಜ ಕಿವಿಗೆ ಏರಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿ ನಿಂತರು. ಹಲ್ಲು ಕಟಕಟ ಅನ್ನುತ್ತಿದ್ದದ್ದು ಚಳಿಗಲ್ಲ. ಯಾರೂ ನಗಲಿಲ್ಲ. ಅಷ್ಟು ದೊಡ್ಡ ಕೊಳದಲ್ಲಿ ನೀರು ದಂಡೆಗೆ ತಾಗುವ ಸಣ್ಣ ಸದ್ದು ಮಾತ್ರ. ಗೋಡೆಯ ಮೇಲೆ ಬೆಳಕು ತನ್ನ ಪಾಡಿಗೆ ಅಲೆಯಾಡುತ್ತಿತ್ತು.

ಮೇಲಿನ ಮೆಟ್ಟಿಲಲ್ಲಿ ಅತ್ತೆ. ಪಾದ ಮುಳುಗಿದೆ, ಮುಂದಕ್ಕೆ ಬರುತ್ತಿಲ್ಲ.

“ಯಾಕ್ರೀ ಸುಮ್ಮನಿದ್ದೀರಿ?” ಅಂದರು ಅವರು. “ನೀವು ಸುಮ್ಮನಾದ್ರೆ ನಂಗೆ ಭಯ ಆಗುತ್ತೆ. ಏನಾದ್ರೂ ಅನ್ನಿ. ಕುರ್ಚಿಸಿ!”

“ಏನಂತ ಅನ್ಲಿ?” ಮಾವ ಕಣ್ಣು ತೆರೆದರು. “ನಂಗೇನೂ ಗೊತ್ತಿಲ್ಲ ಕಣೇ.”

“ಗೊತ್ತಿರೋದನ್ನ ಅನ್ನಿ.”

ಮಾವ ನೀರನ್ನು ನೋಡಿಕೊಂಡರು. ತಮ್ಮದೇ ಕಾಲುಗಳು ಒಳಗೆ ಮುರಿದ ಹಾಗೆ, ಯಾರವೋ ಅನ್ನುವ ಹಾಗೆ ಕಾಣುವುದನ್ನು ನೋಡಿಕೊಂಡರು. ಆಮೇಲೆ ಒಂದೊಂದೇ ಮಾತಾಗಿ ಶುರುಮಾಡಿದರು.

“ನೀರು ಬೆಚ್ಚಗಿದೆ. ಮೊಣಕೈಗೆ ಗೊತ್ತಾಗೋದಕ್ಕಿಂತ ಬೆಚ್ಚಗಿದೆ... ಎರಡನೇ ಮೆಟ್ಟಿಲು ಸ್ವಲ್ಪ ಜಾರುತ್ತೆ, ಬೆರಳು ಅಗಲ ಮಾಡಿ ಇಡು... ಎದೆ ಹೊಡ್ಕೊಳ್ಳುತ್ತೆ, ಹೊಡ್ಕೊಳ್ಲಿ ಬಿಡು, ನಂದೂ ಹೊಡ್ಕೋತಿದೆ... ಆಮೇಲೆ ನೀರು ಕಾಲನ್ನ ಎತ್ತುತ್ತೆ ಕಣೇ. ತಾನಾಗೇ ಎತ್ತುತ್ತೆ. ನಿಜವಾಗ್ಲೂ.”

ಅತ್ತೆ ಬೆರಳು ಅಗಲ ಮಾಡಿ ಎರಡನೇ ಮೆಟ್ಟಿಲಿಗೆ ಕಾಲಿಟ್ಟರು. ಮಾವ ಕಂಬಿಯಿಂದ ಒಂದು ಕೈ ಬಿಡಿಸಿ ಅವರ ಕಡೆ ಚಾಚಿದರು. ಆ ಕೈ ಬಿಡಿಸಲು ಅವರಿಗೆಷ್ಟು ಕಷ್ಟವಾಯಿತೆಂಬುದು ಹತ್ತಿರ ನಿಂತ ನನಗೆ ಗೊತ್ತು. ಇಬ್ಬರೂ ಕೈ ಹಿಡಿದು ಅಡ್ಡಡ್ಡ ನಡೆದರು, ಈ ಗೋಡೆಯಿಂದ ಆ ಗೋಡೆಗೆ, ನಿಧಾನಕ್ಕೆ, ನಿದ್ದೆಯಲ್ಲಿ ನಡೆಯುವವರ ಹಾಗೆ. ನಾನು ಹಿಂದೆ ಹಿಂದೆ ಹೋದೆ. ಅತ್ತೆಯ ಎಡಗಾಲು ನೀರೊಳಗೆ ಮೆಲ್ಲಗೆ ಮಡಿಯುವುದನ್ನು ನೋಡಿ ನನಗೆ ಅಳು ಬಂತು. ನೀರಲ್ಲಿ ಅತ್ತರೆ ಯಾರಿಗೂ ಗೊತ್ತಾಗುವುದಿಲ್ಲ, ಅದೊಂದು ಅನುಕೂಲ.

ಇಷ್ಟಾದ ಮೇಲೆ ಪೋಸ್ಟ್‌ಮ್ಯಾನ್‌ಗೆ ತಡೆಯಲಾಗಲಿಲ್ಲ. ಮೇಲೆ ಹತ್ತಿ, ಖಾಲಿ ಬಿದ್ದಿದ್ದ ಕಬ್ಬಿಣದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, “ಮಾವ, ಭುಜ ಸಡಿಲ ಬಿಡಿ! ಕಿವಿಗೆ ಯಾಕೆ ಅಂಟಿಸ್ಕೊಂಡಿದ್ದೀರಿ?” ಎಂದು ಕೂಗಿದ.

“ಇಳಿದು ನೋಡು, ಗೊತ್ತಾಗುತ್ತೆ!” ಎಂದು ಗುಡುಗಿದರು ಮಾವ.

ದಿನಾ ಬೆಳಗ್ಗೆ ಈಜುವವನಿಗೆ ಈ ಮಾತು! ಕೊಳವೆಲ್ಲ ಘೊಳ್ಳೆಂದು ನಕ್ಕಿತು. ಗೋಡೆಗಳೂ ತಡವಾಗಿ ನಕ್ಕವು. ಅತ್ತೆ ಎಲ್ಲರಿಗಿಂತ ಹೆಚ್ಚು ನಕ್ಕರು.

ಮಾವ ಇವತ್ತಿಗೂ ಈಜುವುದಿಲ್ಲ, ಸೊಂಟದ ಮಟ್ಟ ದಾಟಿಲ್ಲ. ಕುರ್ಚಿಸುವುದನ್ನೂ ಬಿಟ್ಟಿಲ್ಲ, ಹುಟ್ಟುಗುಣ ಎಲ್ಲಿ ಹೋಗಬೇಕು. ಆದರೆ ಹೊಸದಾಗಿ ಬಂದವರು ಮೆಟ್ಟಿಲಲ್ಲಿ ಅಂಜಿ ನಿಂತರೆ ಮಾತ್ರ ಕುರ್ಚಿಯಿಂದ ಎದ್ದು ಬರುತ್ತಾರೆ. ಎರಡನೇ ಮೆಟ್ಟಿಲಿನ ವಿಷಯ ಅವರ ಕಿವಿಯಲ್ಲಿ ಹೇಳಿ ಹೋಗುತ್ತಾರೆ.

ದಿನಾ ಹೀಗೇ ನೀರಲ್ಲಿ ನಡೆದು, ಕೆಲವು ತಿಂಗಳಲ್ಲಿ ಅತ್ತೆ ಕೋಲು ಬಿಟ್ಟರು. ಟಾರ್ಚು ಮೊಳೆಯಿಂದ ಇಳಿಯಿತು. ಅವರು ಮತ್ತೆ ಕೆಲಸಕ್ಕೆ ಹೋದ ದಿನ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, “ನಡಿ ಪುಟ್ಟಿ, ಅದೇನಿದೆಯೋ ನೋಡೇಬಿಡೋಣ” ಎಂದು ಹೊರಟರು. ಮೊದಲ ಸಲ ಥಿಯೇಟರಿನ ಒಳಗೆ ಕಾಲಿಟ್ಟ ಆ ಮನುಷ್ಯ ಕತ್ತಲಿಗೆ ತಬ್ಬಿಬ್ಬಾಗಿ ನನ್ನ ತೋಳು ಹಿಡಿದುಕೊಂಡರು. ನಡುದಾರಿಯ ಪಕ್ಕದ ಸೀಟಿನಲ್ಲಿ ಕೂತೆವು.

ದೀಪ ಆರಿತು. ಮೇಲಿನಿಂದ ಒಂದು ಸಣ್ಣ ಬೆಳಕು ಇಳಿಜಾರಿನಲ್ಲಿ ಇಳಿದು ಬರತೊಡಗಿತು. ಬೆಳಕು ಒಂದೇ ಸಮ ಬರುತ್ತಿರಲಿಲ್ಲ, ಪ್ರತಿ ಹೆಜ್ಜೆಗೂ ಸ್ವಲ್ಪ ತೂಗುತ್ತಿತ್ತು. ಅತ್ತೆಯ ಹಿಂದೆ ಬರುತ್ತಿದ್ದವನೊಬ್ಬ, “ಸ್ವಲ್ಪ ಬೇಗ ನಡೀಬಾರ್ದೇನಮ್ಮ? ನಡೆಯೋಕೂ ಇಷ್ಟು ಹೊತ್ತೇ?” ಅಂದ.

ಮಾವ ದಡಕ್ಕನೆ ಎದ್ದು ನಿಂತರು. “ಏನ್ರೀ, ನಿಮ್ಮ ಸೊಂಟ ಯಾವತ್ತಾದ್ರೂ ಮುರಿದಿದೆಯಾ?”

ಟಾರ್ಚಿನ ಬೆಳಕು ನೇರ ಮಾವನ ಮುಖಕ್ಕೆ ಬಿತ್ತು. ಬೆಳಕಿನ ಆಚೆಯಿಂದ ಅತ್ತೆಯ ದನಿ: “ಕೂತ್ಕೊಳ್ರೀ, ಸಿನಿಮಾ ಶುರುವಾಗ್ತಿದೆ.”

ಮಾವ ಕೂತರು. ಅತ್ತೆ ಆ ಮನುಷ್ಯನಿಗೆ ಅವನ ಸೀಟು ತೋರಿಸಿ, ಇಳಿಜಾರನ್ನು ಹತ್ತುತ್ತ ವಾಪಸ್ ಬಂದರು. ನಮ್ಮ ಸಾಲಿನ ಹತ್ತಿರ ಒಂದು ಗಳಿಗೆ ನಿಂತು, ಮೆಲ್ಲನೆ ಕೇಳಿದರು.

“ಏನಾದ್ರೂ ತಪ್ಪಿದೆಯಾ ನನ್ನ ನಡಿಗೇಲಿ?”

“ಎಡಗಾಲು ಒಂಚೂರು ಎಳೀತಿದೆ” ಎಂದರು ಮಾವ.

“ಗೊತ್ತು.”

“ಚೆನ್ನಾಗಿದೆ” ಎಂದರು ಮಾವ.

ಅತ್ತೆ ಟಾರ್ಚ್ ಆರಿಸಿದರು. ಮುಂದಿನವರಿಗೆ ಸೀಟು ತೋರಿಸಲು ಹೋಗಬೇಕಿತ್ತು, ಆದರೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು.